ಬಾನೆಟ್ ಮೇಲೆ ಬಿದ್ದ ತೆಂಗಿನಕಾಯಿ

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದ ಮೂರನೇ ದಿನ, ಬೆಳಗ್ಗಿನ ಕಾಫಿ ಇನ್ನೂ ಕೈಯಲ್ಲಿರುವಾಗ ಅಂಗಳದಲ್ಲಿ ದೊಡ್ಡ ಸದ್ದಾಯಿತು. ಮಂಗಳೂರಿನ ಬಿಜೈಯ ಮಾವನ ಮನೆಯಲ್ಲಿ ತೆಂಗಿನಕಾಯಿ ಬೀಳುವುದು ಹೊಸದಲ್ಲ. ಆದರೆ ಇದು ಮಣ್ಣಿಗೆ ಬಿದ್ದ ಸದ್ದಾಗಿರಲಿಲ್ಲ. ಓಡಿ ಹೋಗಿ ನೋಡಿದರೆ, ತೊಳೆಯಲೆಂದು ಶೆಡ್ಡಿನಿಂದ ಹೊರಗೆ ತಂದಿದ್ದ ಹಳೆಯ ಎಂಜಿ ಕಾರಿನ ಬಾನೆಟ್ಟಿನ ನಟ್ಟನಡುವೆ ಪಾಯಸದ ಬಟ್ಟಲಿನಷ್ಟು ಗುಳಿ. ಮರ ಹತ್ತುವವರು ಸಿಗದೆ ಎರಡು ತಿಂಗಳಾಗಿತ್ತಂತೆ. ಮಾವ ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಅತ್ತೆ ಒಳಗಿನಿಂದ ಕರೆದರೂ ಓಗೊಡಲಿಲ್ಲ.

ಅದು 1966ರ ಎಂಜಿಬಿ. ಎರಡು ಸೀಟು, ಮಡಚುವ ಹುಡ್, 1,798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್. ಮೂಡಿಗೆರೆ ಕಡೆಯ ತೋಟದವರೊಬ್ಬರಿಂದ ಕೊಂಡು ಮಾವ ಅದನ್ನು ಚಾರ್ಮಾಡಿ ಇಳಿಸಿಕೊಂಡು ಬಂದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅದರಲ್ಲಿ ಕೂತು ಪಣಂಬೂರಿಗೆ ಹೋದ ಭಾನುವಾರಗಳು ನನ್ನ ಬಾಲ್ಯದ ಅರ್ಧ. ಮುಂದೆ ನಾನು ಕೆಲಸ ಹಿಡಿದು ನೆಲೆಸಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದಲ್ಲಿ. ಈ ಕಾರು ಹುಟ್ಟಿದ ಅಬಿಂಗ್ಡನ್ ನಮ್ಮ ಮನೆಗೆ ತೀರಾ ಹತ್ತಿರ. 1962ರಲ್ಲಿ ಶುರುವಾದ ಎಂಜಿಬಿ ಅಲ್ಲಿನ ಕಾರ್ಖಾನೆಯಿಂದ ಹೊರಬರುವುದು ನಿಂತದ್ದು 1980ರಲ್ಲಿ, ಕಾರ್ಖಾನೆಯೇ ಮುಚ್ಚಿದಾಗ. ಮಾವನ ನೆನಪಿಗೇ ನಾನೂ ಅಲ್ಲಿ ಒಂದು ಕೊಂಡೆ, 1973ರ ಜಿಟಿ, ಗಟ್ಟಿ ಛಾವಣಿಯದ್ದು.

ಹಾಗಾಗಿ ಗುಳಿ ಕಂಡ ಕೂಡಲೇ ಫೋನ್ ತೆಗೆದು, "ಮಾವ, ಹೊಸ ಬಾನೆಟ್ಟೇ ಸಿಗುತ್ತದೆ, ನಾನು ಅಲ್ಲಿಂದ ಕಳಿಸುತ್ತೇನೆ" ಎಂದೆ. ಹೇಳಿದ್ದು ಸುಳ್ಳಲ್ಲ. ಅಲ್ಲಿ 1988ರಿಂದ ಹಳೆಯ ಅಚ್ಚುಗಳಲ್ಲೇ ಎಂಜಿಬಿಯ ಇಡೀ ಬಾಡಿಯನ್ನು ಹೊಸದಾಗಿ ಒತ್ತಿ ಮಾರುತ್ತಾರೆ. ಬಿಡಿ ಭಾಗ ಸಿಗುವುದು ದೊಡ್ಡ ಮಾತೇ ಅಲ್ಲ.

ಮಾವ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ನೀನು ಸುಮ್ಮನಿರು ಮಾರಾಯ. ಆಚಾರ್ರಿಗೆ ತೋರಿಸುವ" ಎಂದರು.

ಆಚಾರ್ರ ಶೆಡ್ಡು ಪಡೀಲಿನ ಕಡೆ. ಟಿಂಕರಿಂಗ್, ಪೈಂಟಿಂಗ್ ಎಂದು ಬರೆದ ಒಂದು ತಗಡು ಬಿಟ್ಟರೆ ಬೇರೆ ಬೋರ್ಡಿಲ್ಲ. ವಯಸ್ಸು ಅರವತ್ತೈದು ದಾಟಿದೆ. ಮೊದಲು ಬಸ್ ಬಾಡಿ ಕಟ್ಟುವಲ್ಲಿ ಇದ್ದವರು; ಅವರ ಅಜ್ಜ ದೇವಸ್ಥಾನಗಳ ಮಾಡಿಗೆ ತಾಮ್ರದ ತಗಡು ಹೊದೆಸುತ್ತಿದ್ದರಂತೆ. ಅವರು ಬಾನೆಟ್ಟಿಗೆ ಉಗುರಿನಿಂದ ಎರಡು ಸಲ ತಟ್ಟಿದರು, ಕಿವಿಗೊಟ್ಟರು, ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು ಇಟ್ಟರು. ಅಂಟಲಿಲ್ಲ. "ಇದು ಅಲ್ಯೂಮಿನಿಯಂ. ಇದಕ್ಕೆ ಕಬ್ಬಿಣದ ಪೆಟ್ಟು ತಾಗಲಿಕ್ಕಿಲ್ಲ" ಎಂದರು. ಮೊದಮೊದಲ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಮ್ಮಿನದು, ಆಮೇಲಿನವು ಉಕ್ಕಿನವು ಎಂದು ನಾನು ಓದಿ ತಿಳಿದವನು. ಅವರು ಈ ಕಾರನ್ನು ಮುಟ್ಟುತ್ತಿದ್ದುದೇ ಅದೇ ಮೊದಲು.

ಹೊಸ ಬಾನೆಟ್ಟಿನ ಮಾತನ್ನು ಅವರ ಮುಂದೆಯೂ ಎತ್ತಿದೆ. "ಹಳತನ್ನು ಎಲ್ಲಿಗೆ ಬಿಸಾಡ್ತೀರಿ?" ಎಂದು ಕೇಳಿದರು. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ನನಗೆ ಚುಚ್ಚಿದ್ದು ಆ ಮಾತು.

ಯಾಕೆಂದರೆ ಎರಡು ವರ್ಷದ ಹಿಂದೆ ಅಲ್ಲಿ ಒಂದು ವ್ಯಾನು ಹಿಂದಕ್ಕೆ ಬಂದು ನನ್ನ ಜಿಟಿಯ ಎಡ ಮಡ್‌ಗಾರ್ಡನ್ನು ಒಳಕ್ಕೆ ಒತ್ತಿತ್ತು. ಗ್ಯಾರೇಜಿನವರು ನೋಡಿದರು, ಅಳೆದರು, ಕಾಗದ ಕೊಟ್ಟರು. ಎಂಜಿಬಿಯ ಮುಂದಿನ ಮಡ್‌ಗಾರ್ಡು ಬೋಲ್ಟಿನಲ್ಲಿ ನಿಂತಿರುವುದು. ಬಿಚ್ಚಿ ಹೊಸದು ಹಾಕಬಹುದು. ತಟ್ಟಿ ಸರಿಮಾಡುವ ಗಂಟೆಗಳ ಕೂಲಿ ಲೆಕ್ಕ ಹಾಕಿದರೆ ಹೊಸದೇ ಅಗ್ಗ, ಇನ್ಶೂರೆನ್ಸಿನವರು ಒಪ್ಪುವುದೂ ಅದನ್ನೇ. ನಾನೂ ಸಹಿ ಹಾಕಿದೆ. ಕಾರು ತರಲು ಹೋದ ದಿನ ಹಳೆಯ ಮಡ್‌ಗಾರ್ಡು ಎಲ್ಲಿ ಎಂದು ಕೇಳಿದರೆ, ಅದು ಗುಜರಿ ತೊಟ್ಟಿ ಸೇರಿ ವಾರವಾಗಿತ್ತು. ಐವತ್ತು ವರ್ಷ ಆ ಕಾರಿನ ಮೈಯಾಗಿದ್ದ ತಗಡು. ಹೊಸದು ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂತಿದೆ. ಆದರೂ ಕಾರು ತೊಳೆಯುವಾಗ ಆ ಜಾಗ ಬಂದರೆ ಇವತ್ತಿಗೂ ಕೈ ಒಂದು ಕ್ಷಣ ನಿಲ್ಲುತ್ತದೆ.

ಆಚಾರ್ರ ಶೆಡ್ಡಿನಲ್ಲಿ ನಾನು ನಾಲ್ಕು ದಿನ ಕೂತೆ. ಬಾನೆಟ್ ಬಿಚ್ಚಿ ಕವುಚಿ ಹಾಕಿ, ಒಳಮೈಗೆ ಬಟ್ಟೆ ಸೋಪನ್ನು ಉಜ್ಜಿದರು. ಆಮೇಲೆ ಗ್ಯಾಸಿನ ಜ್ವಾಲೆಯನ್ನು ಗುಳಿಯ ಸುತ್ತ ತಿರುಗಿಸಿದರು, ಎಲ್ಲೂ ನಿಲ್ಲಿಸದೆ. ಉಕ್ಕು ಕಾದರೆ ಕೆಂಪಾಗಿ ತಾನೇ ಹೇಳುತ್ತದೆ. ಅಲ್ಯೂಮಿನಿಯಂ ಹೇಳುವುದಿಲ್ಲ, ಬಣ್ಣ ಬದಲಿಸದೆ 660 ಡಿಗ್ರಿಯ ಹೊತ್ತಿಗೆ ಒಮ್ಮೆಲೇ ಕರಗಿ ತೂತಾಗುತ್ತದೆ. ಸೋಪು ಕಂದಾಗಿ ಕಪ್ಪಾಗುತ್ತಾ ಬಂದಿತೋ, ಜ್ವಾಲೆ ತೆಗೆಯಬೇಕು. ಅಷ್ಟಕ್ಕೆ ಲೋಹ ಮೆದುವಾಗಿರುತ್ತದೆ. ಪೆಟ್ಟು ತಿಂದಲ್ಲಿ ಅದು ಗಡುಸಾಗಿರುವುದರಿಂದ ಹದ ಕಾಯಿಸದೆ ಬಡಿದರೆ ಸೀಳುತ್ತದೆ. ತಾಮ್ರಕ್ಕೂ ಇದೇ ಕ್ರಮ, ಅದಕ್ಕೆ ಸೋಪು ಬೇಡ ಅಷ್ಟೆ, ಎಂದರು.

ಆಮೇಲೆ ಹುಣಸೆ ಮರದ ಕೊಡತಿ, ಮರಳು ತುಂಬಿದ ಚರ್ಮದ ಚೀಲ. ಗುಳಿಯ ನಡುವಿಗೆ ಒಂದು ಪೆಟ್ಟನ್ನೂ ಕೊಡಲಿಲ್ಲ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಬಂದರು. ಹಿಗ್ಗಿದ ಲೋಹವನ್ನು ಹೊಡೆದು ಇನ್ನಷ್ಟು ಹಿಗ್ಗಿಸಿದರೆ ಬಾನೆಟ್ಟು ಡಬ್ಬದ ಮುಚ್ಚಳದ ಹಾಗೆ ಟಕ್ ಟಕ್ ಎಂದು ಒಳಹೊರಗೆ ಹಾರುತ್ತದಂತೆ. ಹತ್ತು ಪೆಟ್ಟಿಗೊಮ್ಮೆ ಕಣ್ಣುಮುಚ್ಚಿ ಅಂಗೈ ಆಡಿಸುವರು. ನೀರು ಬಳಿದು ಟ್ಯೂಬ್‌ಲೈಟಿನ ಬೆಳಕಿಗೆ ಓರೆ ಹಿಡಿದಾಗ ಬೆಳಕಿನ ಗೆರೆ ಎಲ್ಲಿ ಅಲುಗುತ್ತದೋ ಅಲ್ಲಿಗೆ ಮತ್ತೆ ಕೊಡತಿ. ನಾಲ್ಕನೇ ಸಂಜೆ ಗೆರೆ ನೇರವಾಗಿ ನಿಂತಿತು. ಮೇಲೆ ಪುಟ್ಟಿ ಎಷ್ಟು ಬೇಕಾಯಿತು ಎಂದರೆ, ದೋಸೆ ಹೆಂಚಿಗೆ ಎಣ್ಣೆ ಸವರಿದಷ್ಟು. ಅಲ್ಯೂಮಿನಿಯಂ ಬಣ್ಣ ಹಿಡಿಯಲೆಂದು ಮೊದಲು ವಾಷ್ ಪ್ರೈಮರ್, ಆಮೇಲೆ ಉಳಿದದ್ದು. ಬಸ್ಸಿನ ತಗಡಿನಲ್ಲಿ ಕಲಿತದ್ದಂತೆ.

ಇದನ್ನು ನೋಡಿದ ಮೇಲೆ ನನ್ನ ಅನಿಸಿಕೆ ಗಟ್ಟಿಯಾಗಿದೆ. ಹಳೆಯ ಕಾರಿಗೆ ಅಪಘಾತವಾದಾಗ ಮೊದಲ ಪ್ರಶ್ನೆ 'ಹೊಸದು ಎಲ್ಲಿ ಸಿಗುತ್ತದೆ' ಎಂಬುದಾಗಬಾರದು. ನಮ್ಮೂರಿನವರಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಸಾಮಾನು ಸಿಗದ ಕಾಲದಲ್ಲಿ ಕಲಿತ ಕೈ ಎನ್ನುವಿರಿ, ಇರಬಹುದು. ಆದರೆ ಈಗ ಎಲ್ಲವೂ ಸಿಗುವ ಕಾಲದಲ್ಲೂ ಆಚಾರ್ರ ಕೈ ಮೊದಲು ಹೋಗುವುದು ಇರುವುದನ್ನು ಉಳಿಸಲಿಕ್ಕೇ. ಇಂಗ್ಲೆಂಡಿನಲ್ಲಿ ಸೌಲಭ್ಯ ಎಷ್ಟಿದ್ದರೂ ಸಾಮಾನ್ಯ ಗ್ಯಾರೇಜಿನಲ್ಲಿ ಈ ಒಂದು ಬುದ್ಧಿಯನ್ನು ನಾನು ಕಂಡಿಲ್ಲ. ತಟ್ಟುವ ಕಲೆ ಬಲ್ಲವರು ಅಲ್ಲೂ ಇದ್ದಾರೆ ಎಂದು ಒಪ್ಪಬೇಕು. ತಗಡಿಗೆ ಉಬ್ಬು ಕೊಡುವ ಯಂತ್ರಕ್ಕೆ ಲೋಕವೆಲ್ಲ ಇಂಗ್ಲಿಷ್ ವೀಲ್ ಎಂದೇ ಕರೆಯುವುದು. ಆದರೆ ಅವರ ಬಾಗಿಲಿಗೆ ಹೋಗುವುದು ನನ್ನಂಥ ಸಂಬಳದವನಿಗೆ ಆಗುವ ಮಾತಲ್ಲ.

ಇನ್ನೊಂದು ಸಂಗತಿಯನ್ನು ಬರೆಯದೆ ಬಿಟ್ಟರೆ ಮನಸ್ಸಿಗೆ ಸರಿಬರುವುದಿಲ್ಲ. ಬಾನೆಟ್ ಕೂರಿಸಿದ ಮೇಲೆ ಆಚಾರ್ರ ಅಯಸ್ಕಾಂತ ಹಿಡಿದು ಸುಮ್ಮನೆ ಕಾರಿನ ಸುತ್ತ ಬಂದೆ. ಬಲಬದಿಯ ಬಾಗಿಲಿನ ಕೆಳಗೆ, ರನ್ನಿಂಗ್ ಬೋರ್ಡ್ ಎಂದು ನಮ್ಮಲ್ಲಿ ಕರೆಯುವ ತಗಡಿನ ಪಟ್ಟಿಯ ಉದ್ದಕ್ಕೆ ಒಂದೂವರೆ ಅಡಿ ಅದು ಅಂಟಲಿಲ್ಲ. ಅಲ್ಲಿರಬೇಕಾದ್ದು ಉಕ್ಕು. ಹಿಂದೆ ಯಾವಾಗಲೋ ನಗರದ ಬೇರೊಂದು ಕಡೆ ಮಾಡಿಸಿದ ಕೆಲಸ: ತುಕ್ಕಿನ ಮೇಲೆ ಪುಟ್ಟಿ, ಕೆಳಗಿನಿಂದ ಟಾರು, ಮೇಲೆ ಹೊಳೆಯುವ ಕೆಂಪು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಉಪ್ಪಿನ ಗಾಳಿ ಇರುವ ಊರಿನಲ್ಲಿ ಅದು ಒಳಗೊಳಗೇ ತಿನ್ನುತ್ತಾ ಹೋಗಿದೆ. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ. ಮೇಲೆ ಛಾವಣಿಯೂ ಇಲ್ಲದ ಕಾರಿಗೆ ಆ ಬೋರ್ಡೇ ಬೆನ್ನುಮೂಳೆ. ಮಾವನಿಗೆ ಯಾರೂ ಹೇಳಿರಲಿಲ್ಲ. ನನ್ನ ಇಂಗ್ಲೆಂಡಿನ ಗ್ಯಾರೇಜಿನವರಾಗಿದ್ದರೆ ಬಿಚ್ಚಿದ ದಿನವೇ ಫೋಟೋ ತೆಗೆದು, ಎಲ್ಲೆಲ್ಲಿ ಎಷ್ಟೆಷ್ಟು ತಿಂದಿದೆ ಎಂದು ಬರೆದು ಕಳಿಸುತ್ತಿದ್ದರು. ನನ್ನ ಮಡ್‌ಗಾರ್ಡಿನ ಹಿಂದೆ ಕಂಡ ಬೆರಳಗಲದ ತುಕ್ಕಿಗೂ ಹಾಗೆಯೇ ಮಾಡಿದ್ದರು. ಒಳಗಿನದನ್ನು ಮಾಲೀಕನಿಗೆ ತೋರಿಸುವ ಆ ಕ್ರಮ ನಮ್ಮಲ್ಲಿಲ್ಲ. ಹೊರಗೆ ಚಂದ ಕಂಡರೆ ಮುಗಿಯಿತು, ನಾವು ಕೇಳುವುದೂ ಇಲ್ಲ.

ಆಚಾರ್ರು ಬಣ್ಣ ಹೊಡೆದದ್ದು ಮುಖಕ್ಕೆ ಬೈರಾಸು ಕಟ್ಟಿಕೊಂಡು. ಈಗಿನ ಗಟ್ಟಿ ಬಣ್ಣಗಳ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ, ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡದ ದಮ್ಮು ತರುವಂಥದ್ದು. ಇಂಗ್ಲೆಂಡಿನಲ್ಲಿ ಹೊರಗಿನ ಶುದ್ಧ ಗಾಳಿಯ ಕೊಳವೆಯಿರುವ ಮುಖವಾಡವಿಲ್ಲದೆ ಯಾರೂ ಬಣ್ಣದ ಗನ್ ಹಿಡಿಯುವಂತಿಲ್ಲ. ನಾಲ್ಕು ದಿನವೂ ಅವರು ಕೆಮ್ಮುತ್ತಿದ್ದುದನ್ನು ನಾನು ಕೇಳಿದ್ದೇನೆ.

ಹೊರಡುವ ಮುನ್ನ ಅವರೊಡನೆ ಕೂತು ಮಾತಾಡಿದೆ. ಬೋರ್ಡು ಕತ್ತರಿಸುವ ಮೊದಲು ಬಾಗಿಲಿನ ಬಾಯಿಗೆ ಅಡ್ಡವಾಗಿ ಪೈಪು ವೆಲ್ಡ್ ಮಾಡಬೇಕು, ಇಲ್ಲವಾದರೆ ಕಾರು ನಡುವಿನಲ್ಲಿ ಬಾಗಿ ಆಮೇಲೆ ಬಾಗಿಲೇ ಹಾಕಲಾಗುವುದಿಲ್ಲ ಎಂದು, ಅಲ್ಲಿ ಕಂಡದ್ದನ್ನು ಹೇಳಿದೆ. ತಲೆಯಾಡಿಸಿ ಕೇಳಿಸಿಕೊಂಡರು. ಫೋಟೋ ಬೇಕು ಎಂದೂ ಹೇಳಿದೆ. ಪತ್ತನಾಜೆಯ, ಅಂದರೆ ಮೇ ಕೊನೆಯಲ್ಲಿ ಬರುವ ತುಳುವರ ಆ ದಿನದ, ಒಳಗೆ ಮುಗಿಸಿ ಕೊಡುವ ಎಂದರು.

ಮೊನ್ನೆ ಅವರ ಮೊಮ್ಮಗಳ ಮೊಬೈಲಿನಿಂದ ಹನ್ನೊಂದು ಫೋಟೋ ಬಂದಿವೆ. ಅಡ್ಡ ಪೈಪು ಇದೆ. ತಿಂದುಹೋದ ಬೋರ್ಡನ್ನು ಕತ್ತರಿಸಿ ನೆಲದಲ್ಲಿ ಇಟ್ಟಿದ್ದಾರೆ, ಪಕ್ಕದಲ್ಲಿ 18 ಗೇಜಿನ ಶೀಟಿನಿಂದ ಅವರೇ ಮಡಚಿದ ಹೊಸದು. ಕೊನೆಯದರಲ್ಲಿ ಪ್ರೈಮರ್ ಹೊಡೆಯುತ್ತಿದ್ದಾರೆ. ನಾನು ಕೊಟ್ಟು ಬಂದ ಮಾಸ್ಕು ಮುಖದಲ್ಲಿಲ್ಲ. ಇವತ್ತು ರಾತ್ರಿ ಮಾವನಿಗೆ ಫೋನ್ ಮಾಡಬೇಕು.