ಮೇಣ, ಎಣ್ಣೆ ಮತ್ತು ಸ್ವಲ್ಪ ಸಂಯಮ

ಒಣ ಚರ್ಮದವರನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಕಾಗಿಲ್ಲ. ಮುಂಗೈಯ ಮೇಲೆ ಉಗುರಿನಿಂದ ಮೆಲ್ಲನೆ ಗೀರಿದರೆ ಬಿಳಿಯ ಗೆರೆಯೊಂದು ಮೂಡಿ, ಉಜ್ಜುವ ತನಕ ಹಾಗೆಯೇ ಉಳಿದುಬಿಡುತ್ತದೆ. ಅಂಥ ಗೆರೆ ಮೂಡುವ ಪಂಗಡಕ್ಕೆ ಸೇರಿದ ನನಗೆ ಕ್ರೀಮಿನ ಡಬ್ಬಿಗಳ ಹಿಂಬದಿಯನ್ನು ಓದುವ ಚಟವಿದೆ. ಮುಂಬದಿಯಲ್ಲಿ ಹೂವು, ಹನಿ, ಹೊಳೆಯುವ ಕೆನ್ನೆ ಏನೇ ಇರಲಿ, ಹಿಂಬದಿಯ ಚಿಕ್ಕ ಅಕ್ಷರಗಳ ಪಟ್ಟಿಯಲ್ಲಿ ಮೊದಲಿಗೆ ಕಾಣುವ ಹೆಸರುಗಳು ಹೆಚ್ಚುಕಡಿಮೆ ಒಂದೇ: ನೀರು, ಗ್ಲಿಸರಿನ್, ಒಂದು ಎಣ್ಣೆ, ಒಂದು ಮೇಣ ಅಥವಾ ಪೆಟ್ರೋಲಿಯಂ ಜೆಲ್ಲಿ. ಇಷ್ಟೇ ಆದರೆ ಒಲೆಯ ಮೇಲೆ ಒಂದು ಪಾತ್ರೆ ಇಟ್ಟು ನಾವೇ ಮಾಡಿಕೊಳ್ಳಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ, ಮತ್ತು ಆ ಆಸೆ ಅಷ್ಟೇನೂ ಹುಂಬತನದ್ದಲ್ಲ.

ಚರ್ಮಕ್ಕೆ ಪೋಷಣೆ ಕೊಡುತ್ತೇವೆ ಎಂಬ ಮಾತನ್ನು ಮಾತ್ರ ಮೊದಲು ಪಕ್ಕಕ್ಕಿಡಬೇಕು. ನಾವು ಏನನ್ನೇ ಹಚ್ಚಿದರೂ ಅದು ಮೊದಲು ತಾಗುವುದು ಸತ್ತ ಜೀವಕೋಶಗಳಿಗೆ. ಅವು 15ರಿಂದ 20 ಪದರಗಳಲ್ಲಿ ಒಂದರ ಮೇಲೊಂದು ಮಲಗಿದ್ದರೂ ಒಟ್ಟು ದಪ್ಪ, ಅಂಗೈ ಅಂಗಾಲುಗಳನ್ನು ಬಿಟ್ಟರೆ, ಮಿಲಿಮೀಟರಿನ ನೂರನೇ ಒಂದೆರಡು ಪಾಲಿನಷ್ಟು ಮಾತ್ರ. ಸತ್ತವುಗಳಿಗೆ ಉಣಬಡಿಸುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆ ಕೋಶಗಳ ನಡುವಿನ ಸಂದುಗಳಲ್ಲಿ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳೆಂಬ ಜಿಡ್ಡುಗಳು ತುಂಬಿಕೊಂಡು ಒಳಗಿನ ನೀರು ಹೊರಗೆ ಆವಿಯಾಗದಂತೆ ತಡೆಯುತ್ತವೆ. ಬಿಸಿನೀರು ಮತ್ತು ಸೋಪು ಸೇರಿ ಆ ಜಿಡ್ಡನ್ನು ತೊಳೆದು ಹಾಕಿದಾಗ ನೀರು ಸೋರಿಹೋಗಿ ಚರ್ಮ ಬಿಗಿಯುತ್ತದೆ, ತುರಿಸುತ್ತದೆ, ಕೊನೆಗೆ ಬಿರಿಯುತ್ತದೆ. ಹಾಗಾಗಿ ಬೇಕಾದದ್ದು ಆಹಾರವಲ್ಲ, ಸೋರಿಕೆಗೆ ಒಂದು ತಡೆ.

ಈ ತಡೆಯ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ ಅಗ್ಗದ ವಸ್ತುವನ್ನು ನಾನು ಕಾಣೆ. ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಶಾಸ್ತ್ರಜ್ಞ 1872ರಲ್ಲಿ ಪೇಟೆಂಟ್ ಪಡೆದ ಈ ಜಿಡ್ಡಿಗೆ ಬಣ್ಣವಿಲ್ಲ, ಪರಿಮಳವಿಲ್ಲ, ಹೇಳಿಕೊಳ್ಳುವಂಥ ವರ್ಚಸ್ಸೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಗುರಿಯಾಗಲು ಇಷ್ಟು ಸಾಕು. ಗ್ಲಿಸರಿನ್ ಇನ್ನೂ ಹಳೆಯದು. 1779ರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಆಲಿವ್ ಎಣ್ಣೆಯಿಂದ ಅದನ್ನು ಬೇರ್ಪಡಿಸಿದ್ದನು. ಅದರ ಸ್ವಭಾವ ನೀರನ್ನು ಸೆಳೆದುಕೊಳ್ಳುವುದು. ಆದರೆ ಗಾಳಿಯೇ ಒಣಗಿರುವ ಕಾಲದಲ್ಲಿ ನೀರು ಬೆರೆಸದ ಗ್ಲಿಸರಿನ್ನನ್ನು ಹಚ್ಚಿಕೊಂಡರೆ ಅದು ಹೊರಗೆ ಸಿಗದ ತೇವವನ್ನು ಚರ್ಮದ ಒಳಗಿನಿಂದಲೇ ಎಳೆದುಕೊಳ್ಳುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸ್ನಾನ ಮುಗಿಸಿ, ಮೈಯನ್ನು ಉಜ್ಜದೆ ಬಟ್ಟೆಯಿಂದ ಒತ್ತಿಕೊಂಡು, ಪಸೆ ಆರುವ ಮೊದಲು, ಅಂದರೆ 3 ನಿಮಿಷಗಳೊಳಗೆ, ನೀರು ಬೆರೆಸಿದ ಗ್ಲಿಸರಿನ್ ಹಚ್ಚಿ ಮೇಲೊಂದು ತೆಳು ಜಿಡ್ಡು ಸವರಿದರೆ ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತವೆ.

ಮಾಡುವ ಸುಖ ಬೇಕಾದವರಿಗೆ ಮುಲಾಮು ಇದೆ. ತೂಕದಲ್ಲಿ 4 ಪಾಲು ಎಣ್ಣೆಗೆ 1 ಪಾಲು ಜೇನುಮೇಣ. ಎಣ್ಣೆಗಳಲ್ಲಿ ನನ್ನ ಒಲವು ಸೂರ್ಯಕಾಂತಿಯ ಕಡೆಗೆ; ಅದರ ಲಿನೋಲಿಯಿಕ್ ಆಮ್ಲ ಚರ್ಮದ ತಡೆಗೆ ಒಗ್ಗುತ್ತದೆ, ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲವಾದರೋ ಅದನ್ನು ಸಡಿಲಿಸುವ ಸ್ವಭಾವದ್ದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಪಾತ್ರೆಯನ್ನು ನೇರ ಉರಿಗೆ ಒಡ್ಡದೆ ಕುದಿಯುವ ನೀರಿನ ಮೇಲಿಡಬೇಕು. ತುರಿದ ಮೇಣದ ಚೂರುಗಳು ಸ್ವಲ್ಪ ಹೊತ್ತು ಹಟ ಹಿಡಿದವರಂತೆ ತಳದಲ್ಲಿ ಕೂತಿರುತ್ತವೆ. ಆಮೇಲೆ ಅಂಚುಗಳು ಪಾರದರ್ಶಕವಾಗಿ, ನಡುವಿನ ಹಳದಿ ಕಿರಿದಾಗುತ್ತ ಹೋಗಿ, ಇದ್ದಕ್ಕಿದ್ದಂತೆ ಎಲ್ಲವೂ ತಿಳಿಯಾಗುತ್ತದೆ. ಆಗ ಚಮಚದ ತುದಿಯಿಂದ ಒಂದು ತೊಟ್ಟನ್ನು ತಣ್ಣನೆಯ ತಟ್ಟೆಯ ಮೇಲೆ ಬಿಟ್ಟು, ಆರಿದ ಬಳಿಕ ಬೆರಳಿನಿಂದ ಒತ್ತಿ ನೋಡಬೇಕು: ಗಟ್ಟಿಯಾದರೆ ಇನ್ನಷ್ಟು ಎಣ್ಣೆ, ಸಡಿಲಾದರೆ ಇನ್ನಷ್ಟು ಮೇಣ.

ಇಲ್ಲಿಗೇ ನಿಲ್ಲುವ ಸಂಯಮ ಎಲ್ಲರಿಗೂ ಇರುವುದಿಲ್ಲ. ಬಿಳಿಯ ನುಣುಪಾದ ಕ್ರೀಮೇ ಬೇಕೆನ್ನುವವರು 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನನ ದಾರಿ ಹಿಡಿಯುತ್ತಾರೆ. ಮೇಣ ಮತ್ತು ಎಣ್ಣೆಯೊಳಗೆ ಪನ್ನೀರನ್ನು ಕಡೆದು ಸೇರಿಸುವ ಅವನ ಲೇಪನವೇ ಕೋಲ್ಡ್ ಕ್ರೀಮಿನ ಮೂಲಪುರುಷ. ನೀರೂ ಜಿಡ್ಡೂ ಒಂದೇ ಬಿಸಿಯಲ್ಲಿರುವಾಗ ಕಡೆದರೆ ಪಾತ್ರೆಯಲ್ಲಿ ಬಿಳಿಪು ಹರಡುವ ಕ್ಷಣ ನೋಡಲು ಬಹಳ ಚೆನ್ನ. ಆದರೆ ನೀರು ಬಂದ ಕಡೆಗೆ ಬೂಸ್ಟು, ಬ್ಯಾಕ್ಟೀರಿಯಾಗಳೂ ಬರುತ್ತವೆ, ಸಂರಕ್ಷಕವಿಲ್ಲದ ಅಂಥ ಕ್ರೀಮನ್ನು ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಬಳಸಿ ಮುಗಿಸಬೇಕು. ನೀರಿಲ್ಲದ ಮುಲಾಮಿಗೆ ಈ ಕಾಟವಿಲ್ಲ; ಒದ್ದೆ ಬೆರಳು ಅದ್ದದಿದ್ದರೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ನಿಂಬೆರಸ ಮತ್ತು ಅಡುಗೆ ಸೋಡಾದ ಭಕ್ತರು. ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸಿನಲ್ಲಿರುತ್ತದೆ. ನಿಂಬೆರಸದ್ದು ಸುಮಾರು 2, ಸೋಡಾ ನೀರಿನದು 8ಕ್ಕೂ ಮೇಲೆ. ಒಂದು ಸುಡುತ್ತದೆ, ಇನ್ನೊಂದು ಒಣಗಿಸುತ್ತದೆ. ನಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೇ ಏಳಬಹುದು. ಅಡುಗೆಮನೆಯಿಂದ ಬಂದದ್ದೆಲ್ಲ ಸೌಮ್ಯವೆಂಬ ನಂಬಿಕೆ ಎಲ್ಲಿಂದ ಬಂತೋ! ಸೌಮ್ಯವಾದದ್ದೇ ಬೇಕಿದ್ದರೆ ನುಣ್ಣಗೆ ಪುಡಿಮಾಡಿದ ಓಟ್ಸ್ ಇದೆ: ಉಗುರುಬೆಚ್ಚಗಿನ ಸ್ನಾನದ ನೀರಿಗೆ ಕಲಸಿದರೆ ತುರಿಕೆ ತಗ್ಗುತ್ತದೆ. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾಯುವುದು ಕ್ಷೇಮ, ಮತ್ತು ಕೆಂಪಾಗಿ ರಕ್ತ ಜಿನುಗುವ ಬಿರುಕು ವೈದ್ಯರಿಗೆ ಸೇರಿದ್ದು, ಮುಲಾಮಿನ ಪಾತ್ರೆಗಲ್ಲ.

ಮಾಡಿದ ಮುಲಾಮನ್ನು ಹಂಚುವಾಗ ಬರುವ ಆಕ್ಷೇಪ ಒಂದೇ: ಪರಿಮಳವೇ ಇಲ್ಲವಲ್ಲ! ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಸುಗಂಧವೂ ಒಂದು ಎಂದು ವಿವರಿಸಲು ಹೊರಟರೆ ಕೇಳುವವರ ಮುಖ ಸಪ್ಪಗಾಗುತ್ತದೆ. ಆದ್ದರಿಂದ ಹಿಮ್ಮಡಿಗೆ ಮೂಗಿಲ್ಲ ಎಂದಷ್ಟೇ ಹೇಳಿ ಡಬ್ಬಿಯನ್ನು ಅವರ ಕೈಗಿಟ್ಟುಬಿಡುತ್ತೇನೆ.