ರೈಲಿಲ್ಲದ ಊರಿನಲ್ಲಿ ರೈಲಿನ ಪುಸ್ತಕ

ಮಡಿಕೇರಿಯ ಮಳೆ ಎಲ್ಲ ಪುಸ್ತಕಗಳನ್ನೂ ಒಂದೇ ರೀತಿ ಕಾಡುವುದಿಲ್ಲ. ಕಾದಂಬರಿಗೆ ಥಂಡಿ ಹತ್ತಿದರೆ ಸ್ವಲ್ಪ ಉಬ್ಬುತ್ತದೆ, ಅಷ್ಟೇ. ಫೋಟೋ ಪುಸ್ತಕದ ಕತೆ ಬೇರೆ. ಆರ್ಟ್ ಪೇಪರಿನ ಮೇಲೆ ನುಣುಪಿಗೆಂದು ಬಿಳಿ ಜೇಡಿಮಣ್ಣಿನಂಥದ್ದರ ಲೇಪ ಇರುತ್ತದೆ. ಜುಲೈ ತಿಂಗಳಲ್ಲಿ ಆ ಲೇಪ ಅಂಟಾಗಿ ಎರಡು ಹಾಳೆ ಕಚ್ಚಿಕೊಂಡವೋ, ಮುಗೀತು. ಬಿಡಿಸಲು ಹೋದರೆ ಈ ಪುಟದ ಹುಡುಗನ ಮೂಗು ಆ ಪುಟದ ಗೋಡೆಗೆ ಹೋಗಿರುತ್ತದೆ. ಅದಕ್ಕೇ ನಮ್ಮ ಪುಸ್ತಕದ ಬೀರುವಿನೊಳಗೆ ಒಂದು 40 ವ್ಯಾಟಿನ ಬಲ್ಬು ಉರಿಯುತ್ತದೆ. ಮೂಲೆಮೂಲೆಗೂ ಚಪ್ಪಲಿ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣ. "ಮನುಷ್ಯರಿಗೆ ಹೊದೆಯಲು ಒಣಗಿದ ಕಂಬಳಿ ಇಲ್ಲ, ಪುಸ್ತಕಕ್ಕೆ ಬಿಸಿ ಬೇರೆ" ಅಂತ ಅತ್ತೆ ಗೊಣಗುತ್ತಾರೆ.

ಅಷ್ಟು ಬೆಚ್ಚಗೆ ಒಳಗೆ ಕೂತಿರುವವರು ಯಾರು? ನ್ಯೂಯಾರ್ಕಿನ ರೈಲು ಬೋಗಿಗಳ ಮೇಲೆ ರಾತ್ರಿ ಕದ್ದು, ತಮ್ಮ ಹೆಸರನ್ನೇ ಚಿತ್ರದಂತೆ ಬಣ್ಣದಲ್ಲಿ ಬಳಿದ ಪುಂಡ ಹುಡುಗರು. ಕೊಡಗಿನಲ್ಲಿ ಇವತ್ತಿಗೂ ರೈಲಿಲ್ಲ. ನೋಡಬೇಕೆಂದರೆ ಮೈಸೂರಿಗೋ ಕಣ್ಣೂರಿಗೋ ಇಳಿಯಬೇಕು. ಅಂಥ ಊರಿನಲ್ಲಿ ಕೂತು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ರೈಲುಗಳನ್ನು ನೋಡುವುದರಲ್ಲಿ ನನಗೆ ಅದೇನೋ ಸುಖ.

ನನ್ನ ಮೆಚ್ಚಿನದು 1984ರಲ್ಲಿ ಬಂದ 'ಸಬ್‌ವೇ ಆರ್ಟ್' (ಸಬ್‌ವೇ ಅಂದರೆ ಅಲ್ಲಿನ ನಗರದ ರೈಲು). ಮಾರ್ಥಾ ಕೂಪರ್ ಮತ್ತು ಹೆನ್ರಿ ಚಾಲ್‌ಫ್ಯಾಂಟ್ ಇಬ್ಬರೂ ಸೇರಿ ಮಾಡಿದ್ದು. ನ್ಯೂಯಾರ್ಕಿನ ಪುಸ್ತಕ, ಆದರೆ ಅಮೆರಿಕದ ಪ್ರಕಾಶಕರು ಬೇಡವೆಂದರು. ಕೊನೆಗೆ ಅಚ್ಚು ಹಾಕಿದ್ದು ಲಂಡನ್ನಿನವರು. ಚಾಲ್‌ಫ್ಯಾಂಟ್ ಶಿಲ್ಪಿ. ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಎದುರಿನ ಹಳಿಯಲ್ಲಿ ನಿಂತ ಬೋಗಿಯನ್ನು ಸರಿದು ಸರಿದು ತುಂಡುತುಂಡಾಗಿ ಕ್ಲಿಕ್ಕಿಸಿ, ಆಮೇಲೆ ಪ್ರಿಂಟುಗಳನ್ನು ಕತ್ತರಿಸಿ ಜೋಡಿಸುತ್ತಿದ್ದ. ಇಡೀ ಬೋಗಿ ಒಂದೇ ಪಟ್ಟಿಯಾಗಿ ಕಾಣುತ್ತದೆ. ಕೂಪರ್ ಪತ್ರಿಕೆಯ ಫೋಟೋಗ್ರಾಫರ್. ಆಕೆ ಖಾಲಿ ಸೈಟುಗಳಲ್ಲಿ ಗಂಟೆಗಟ್ಟಲೆ ಕಾದು, ಎತ್ತರದ ಹಳಿಯ ಮೇಲೆ ರೈಲು ಹಾಯುವಾಗ ಹಿಂದಿನ ಊರು, ಮನೆ, ಆಕಾಶ ಎಲ್ಲ ಸೇರಿಸಿ ಹಿಡಿದರು. ನಾನು ಕೂಪರ್ ಕಡೆ. ಬರೀ ಗೋಡೆ ತೋರಿಸುವ ಪುಸ್ತಕಗಳು ಈಗ ಬೇಕಾದಷ್ಟಿವೆ. ನಾಲ್ಕು ಪುಟಕ್ಕೆ ಆಕಳಿಕೆ ಬರುತ್ತದೆ. ಬಳಿಯುವ ಕೈ ಕಾಣದಿದ್ದರೆ ಬಣ್ಣದಲ್ಲೇನಿದೆ?

ಕೂಪರ್ ಆ ಹುಡುಗರ ನಡುವೆ ಹೋದದ್ದೂ ಸುಮ್ನೆ ಅಲ್ಲ. ಬೀದಿಯಲ್ಲಿ ಆಡುವ ಮಕ್ಕಳ ಫೋಟೋ ತೆಗೆಯುತ್ತಿದ್ದಾಗ ಒಬ್ಬ ಹುಡುಗ ತನ್ನ ನೋಟ್‌ಬುಕ್ ತೋರಿಸಿದ. ತುಂಬ ಅವನ ಹೆಸರಿನದೇ ಚಿತ್ರ. ಅವನೇ ಮುಂದೆ, ತಮ್ಮವರೆಲ್ಲ 'ಕಿಂಗ್' ಎನ್ನುತ್ತಿದ್ದ ಡೊಂಡಿಯ ಪರಿಚಯ ಮಾಡಿಸಿದ. 1980ರಲ್ಲಿ ಆಕೆ ಡೊಂಡಿಯ ಜೊತೆ ರೈಲು ಯಾರ್ಡಿಗೇ ಹೋದರು. ಎರಡು ರೈಲುಗಳ ನಡುವೆ ಅತ್ತೊಂದು ಇತ್ತೊಂದು ಕಾಲಿಟ್ಟು ಅವನು ಬಳಿಯುತ್ತಿರುವ ಫೋಟೋ ನೋಡಿದರೆ ನಮ್ಮ ಕಾಲು ನಡುಗುತ್ತದೆ. ಅಷ್ಟೆಲ್ಲ ಮಾಡಿದ್ದನ್ನು ರೈಲ್ವೆಯವರು ಔಷಧಿ ಹಾಕಿ ತೊಳೆಯುತ್ತಿದ್ದರು. ಬಣ್ಣ ಬಳಿದ ಕೊನೆಯ ರೈಲನ್ನು 1989ರ ಮೇ ತಿಂಗಳಲ್ಲಿ ಓಡಾಟದಿಂದ ತೆಗೆದರು. ಅಷ್ಟರಲ್ಲಿ ಈ ಪುಸ್ತಕ ಯುರೋಪಿನ ಹುಡುಗರ ಕೈ ಸೇರಿತ್ತು. ಅಲ್ಲಿನವರು ನ್ಯೂಯಾರ್ಕ್ ನೋಡದೆಯೇ ಈ ಬಗೆಯ ಅಕ್ಷರ ಬಳಿಯಲು ಕಲಿತರು. ದುಡ್ಡು ಕೊಟ್ಟು ಕೊಳ್ಳದೆ ಅಂಗಡಿಯಿಂದ ಎಗರಿಸಿದವರೇ ಜಾಸ್ತಿಯಂತೆ!

ಟೋಕಿಯೋದ ಶೊಯಿಚಿ ಆಓಕಿಯದು ಇನ್ನೊಂದು ಬಗೆ. ಹರಾಜುಕು ಬೀದಿಯಲ್ಲಿ ಚಿತ್ರವಿಚಿತ್ರ ಉಡುಪಿನ ಹುಡುಗ ಹುಡುಗಿಯರನ್ನು ನೆಟ್ಟಗೆ ನಿಲ್ಲಿಸಿ ತೆಗೆದ ಫೋಟೋಗಳು. ಅದಕ್ಕೆಂದೇ 1997ರಲ್ಲಿ 'ಫ್ರೂಟ್ಸ್' ಪತ್ರಿಕೆ ಶುರು ಮಾಡಿದ. 2017ರಲ್ಲಿ, ತೆಗೆಯುವಂಥ ಮಕ್ಕಳು ಈಗ ಸಿಗುತ್ತಿಲ್ಲ ಎಂದು ನಿಲ್ಲಿಸಿಬಿಟ್ಟ. ಈ ನಿಷ್ಠುರ ನನಗಿಷ್ಟ.

ಇದನ್ನೆಲ್ಲ ನೋಡುವಾಗ ನನಗೆ ನೆನಪಾಗುವುದು ನಮ್ಮ ದಸರಾ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು, ಅಂದರೆ ವಾಹನದ ಮೇಲೆ ಕಟ್ಟಿದ ದೇವರ ಕತೆಯ ದೃಶ್ಯಗಳು, ಬಹುಮಾನಕ್ಕೆ ಪೈಪೋಟಿಯಲ್ಲಿ ಹೊರಡುತ್ತವೆ. ದೇವರು, ರಾಕ್ಷಸರು, ಹೊಗೆ, ಲೈಟು, ಎದೆ ನಡುಗಿಸುವ ಸೌಂಡು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮಾಡುವವರು ಊರಿನ ಹುಡುಗರೇ. ಹಗಲು ಅಂಗಡಿ, ಗ್ಯಾರೇಜು, ತೋಟ, ರಾತ್ರಿ ವೆಲ್ಡಿಂಗು. ಹೊರಟ ಮಂಟಪದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇದೆ. ಶೆಡ್ಡಿನಲ್ಲಿ ಅರ್ಧ ಆದ ಮಹಿಷಾಸುರನ ತೋಳಿಗೆ ಮೋಟಾರು ಕೂರಿಸುತ್ತಾ ಬೈದಾಡುವ ಹುಡುಗರ ಫೋಟೋ ಯಾರ ಹತ್ತಿರವಿದೆ? ಅದೊಂದು ದಪ್ಪ ಪುಸ್ತಕವಾದರೆ ಬೀರುವಿಗೆ ಇನ್ನೊಂದು ಬಲ್ಬು ಹಾಕಲು ನಾನು ತಯಾರು.

ಪಕ್ಕದ ಮನೆಯ ಹುಡುಗ ಒಂದು ಮಂಟಪ ಸಮಿತಿಯಲ್ಲಿದ್ದಾನೆ. ಅವನಿಗೆ ಹೇಳಿದೆ. "ಎಂಥ ಅಕ್ಕಾ, ಕೆಲಸ ನಡೆಯುವಾಗಲೇ ಫೋಟೋ ತೆಗೆದರೆ ಬೇರೆ ಮಂಟಪದವರಿಗೆ ನಮ್ಮ ಐಡಿಯಾ ಗೊತ್ತಾಗಲ್ವಾ?" ಅಂದ. ಸರಿ, ಈ ನ್ಯೂಯಾರ್ಕಿನವರನ್ನು ನೋಡು, ಪೊಲೀಸರ ಭಯ ಇದ್ದರೂ ಫೋಟೋ ತೆಗೆಯಲು ಬಿಟ್ಟಿದ್ದಾರೆ ಅಂತ ಪುಸ್ತಕ ಅವನ ಕೈಗಿಟ್ಟೆ. ಅವನು ನಿಂತುಕೊಂಡೇ ಒಂದೊಂದು ಪುಟವನ್ನೂ ಮಗುಚಿದ. ಡೊಂಡಿಯ ಬಳಿ ತುಂಬ ಹೊತ್ತು ನಿಂತ.

"ಇದ್ರಲ್ಲಿ ಫಸ್ಟ್ ಪ್ರೈಜ್ ಯಾರಿಗಕ್ಕಾ?"