ಸತ್ಯಾಂಶ: ಪಾಂಡವಪುರ ನಿಲ್ದಾಣವನ್ನು ಕಟ್ಟಿಸಿದ್ದು ಫ್ರೆಂಚರಲ್ಲ

ಮಂಡ್ಯ ಜಿಲ್ಲೆಯ ಪಾಂಡವಪುರ ರೈಲು ನಿಲ್ದಾಣಕ್ಕೆ ಹಿಂದೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿದ್ದುದರಿಂದ ಅದನ್ನು ಫ್ರೆಂಚರೇ ಕಟ್ಟಿಸಿದರೆಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ, ಇದು ನಿಜವಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಊರಿಗೆ ಆ ಹೆಸರು ಬಂದಿತ್ತು. ಶ್ರೀರಂಗಪಟ್ಟಣ 1799ರಲ್ಲಿ ಪತನವಾಗಿ ಎಂಟು ದಶಕಗಳು ಕಳೆದ ಮೇಲಷ್ಟೇ ಈ ಸೀಮೆಗೆ ರೈಲು ಬಂದಿತು.

1876–78ರ ಭೀಕರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗದ ಮಣ್ಣಿನ ಕೆಲಸ ಆರಂಭವಾಯಿತು, ಮೈಸೂರು ಸಂಸ್ಥಾನದ ಹಣದಿಂದ ಸಾಗಿದ ಆ ಹಳಿ 1882ರಲ್ಲಿ ಮೈಸೂರು ತಲುಪಿತು. ಬರದಲ್ಲಿ ಬುಟ್ಟಿ ಹೊತ್ತ ಆ ಕೂಲಿಗಳ ಶ್ರಮವನ್ನು ಪರರ ಲೆಕ್ಕಕ್ಕೆ ಬರೆಯುವುದು ನಿಜಕ್ಕೂ ನೋವಿನ ಸಂಗತಿ. ಇಂದು ಅದೇ ಮಾರ್ಗ ಜೋಡಿ ಬ್ರಾಡ್‌ಗೇಜ್ ಆಗಿದ್ದು, ಹಳದಿ ಫಲಕದ ಮೇಲೆ ಕಪ್ಪು ಅಕ್ಷರದಲ್ಲಿ ‘ಪಾಂಡವಪುರ’ ಎಂದಿದೆ.